ಎಲುಬಿಲ್ಲದ ಸೆರಗು

ಕೆಲವರಿಗೆ ಕೆಲವು ಕೆಲಸಗಳು ಎಷ್ಟು ಹೆಣಗಿದರೂ ಒಲಿಯುವುದಿಲ್ಲ. ನನಗೆ ಒಲಿಯದೇ ಹೋದದ್ದು ಹೊಲಿಗೆ. ಗುಂಡಿ ಕಿತ್ತುಹೋದ ಅಂಗಿಯನ್ನು ನನ್ನ ಯಜಮಾನರು ನನ್ನ ಕಣ್ಣಿಗೆ ಬೀಳದಂತೆ ಚೀಲದ ತಳಕ್ಕೆ ಸೇರಿಸಿ, ತಾವು ಕೆಲಸ ಮಾಡುವ ಮಾನ್ವಿಯ ಅಕ್ಕಿ ಗಿರಣಿಗೆ ಒಯ್ದು, ಅಲ್ಲಿ ಯಾರ ಕೈಯಿಂದಲೋ ಹಚ್ಚಿಸಿಕೊಂಡು ಬರುತ್ತಾರೆ. ಒಮ್ಮೆ ನಾನೇ ಪ್ರೀತಿಯಿಂದ ಹಚ್ಚಿಕೊಟ್ಟ ಗುಂಡಿ ಅಂಗಿಯ ಎದೆಯನ್ನೂ ಬೆನ್ನನ್ನೂ ಒಟ್ಟಿಗೇ ಬಿಗಿದುಬಿಟ್ಟಿತ್ತು. ಅವರು ಅದರೊಳಗೆ ಅರ್ಧ ಹೋಗಿ, ಹಿಂದಕ್ಕೂ ಬರಲಾಗದೆ ಮುಂದಕ್ಕೂ ಹೋಗಲಾಗದೆ ಕೈ ಮೇಲೆತ್ತಿಕೊಂಡು ನಿಂತದ್ದನ್ನು ಇಬ್ಬರೂ ಮರೆತಿಲ್ಲ. ಇಂಥ ನಾನು ಈಚೆಗೆ ಕೆಲವು ತಿಂಗಳು ಒಬ್ಬ ಹೆಣ್ಣುಮಗಳಿಗೆ ಇಳಕಲ್ ಸೀರೆ ಸಿದ್ಧಮಾಡುವುದರಲ್ಲೇ ಮುಳುಗಿದ್ದೆ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಸೀರೆಗೆ ಹೊಲಿಗೆಯ ಹಂಗೇನು, ಉಡಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ನಾನೂ ಹಾಗೇ ಎಣಿಸಿದ್ದೆ. ಆದರೆ ಆ ಹೆಣ್ಣುಮಗಳು ಇದ್ದದ್ದು ಕಂಪ್ಯೂಟರಿನೊಳಗೆ.

ನಮ್ಮಕ್ಕನ ಮಗಳು ರಜೆಗೆಂದು ರಾಯಚೂರಿಗೆ ಬಂದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಆಟ ಹಾಕಿಟ್ಟು ಹೋಗಿದ್ದಳು. ಅದು ಗೆಲ್ಲುವ ಸೋಲುವ ಆಟವಲ್ಲ. ಮನುಷ್ಯರನ್ನು ಮಾಡುವುದು, ಅವರಿಗೊಂದು ಮನೆ ಕಟ್ಟಿಕೊಡುವುದು, ಅವರು ಅಡಿಗೆ ಮಾಡಿ ಉಂಡು ಮಲಗಿ ಏಳುವುದನ್ನು ನೋಡುತ್ತ ಕೂಡುವುದು, ಇಷ್ಟೇ. ಮನೆಯಲ್ಲಿರುವ ಒಂದು ಒಲೆ ನಿನಗೆ ಸಾಲಲಿಲ್ಲವೇ ಎಂದು ಯಜಮಾನರು ಕೇಳಿದರು. ನಾನು ಕೆಲಸ ಮಾಡುವುದು ಕಚೇರಿಯೊಂದರ ಟಪಾಲು ವಿಭಾಗದಲ್ಲಿ. ಬಂದ ಕಾಗದಗಳನ್ನು ಯಾವ ಟೇಬಲಿಗೆ ಯಾವುದು ಎಂದು ವಿಂಗಡಿಸಿ ಕಳಿಸುವುದು ನನ್ನ ಕಾಯಕ. ದಿನವೆಲ್ಲ ಅದನ್ನು ಮಾಡಿ, ರಾಯಚೂರಿನ ಬಿಸಿಲಿನಲ್ಲಿ ಬೆಂದು ಮನೆಗೆ ಬಂದಾಗ, ಆ ಆಟದೊಳಗೆ ಮಾತ್ರ ಯಾವಾಗಲೂ ಒಂದು ತಿಳಿ ಸಂಜೆ ಇರುತ್ತಿತ್ತು. ಅಲ್ಲಿನ ಬೆಳಕು ಹುಲ್ಲಿನ ಮೇಲೆ ಜೇನು ಸುರಿದಂತೆ ಬೀಳುತ್ತಿತ್ತು. ಅಲ್ಲಿನ ಮರಗಳಿಗೆ ಯಾವ ಅವಸರವೂ ಇರಲಿಲ್ಲ. ನಾನು ಚಹಾದ ಕಪ್ಪು ಹಿಡಿದುಕೊಂಡು ಆ ಸಂಜೆಯ ಅಂಚಿನಲ್ಲಿ ಕೂತಿರುತ್ತಿದ್ದೆ. ಆಟ ಆಡುವುದು ಎನ್ನುವುದಕ್ಕಿಂತ ಕಟ್ಟೆಯ ಮೇಲೆ ಕೂತಂತೆ ಎಂದರೆ ಸರಿಯಾದೀತು.

ಅಷ್ಟರಲ್ಲಿ ಮಸರಕಲ್ಲಿನಿಂದ ಅವ್ವ ಬಂದಳು. ಎರಡು ಕಣ್ಣಿಗೂ ಪೊರೆ ಬಂದಿತ್ತು. ದೇವದುರ್ಗದ ಬಸ್ಸಿನಿಂದ ಇಳಿದವಳು ನನ್ನ ದನಿಯನ್ನು ಹಿಡಿದು ನನ್ನ ಕಡೆಗೆ ನಡೆದು ಬಂದಳೇ ಹೊರತು ನನ್ನನ್ನು ನೋಡಿ ಅಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಸಕ್ಕರೆ ಹೆಚ್ಚಾಗಿದೆ, ಅದು ಇಳಿಯುವವರೆಗೆ ಕಾಯಬೇಕು ಎಂದರು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಕುರಿ ಹೊಲ ಎರಡೂ ಇದ್ದ ಮನೆಗೆ ಬಂದ ಅವ್ವನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ನಮ್ಮ ಮನೆಯಲ್ಲಿ ಆಕೆಗೆ ಮಾಡಲು ಕೆಲಸವಿಲ್ಲ, ಟೀವಿಯಲ್ಲಿ ಕಾಣುವುದು ಬರೀ ಮಂಜು. ಹಾಗಾಗಿ ಸಂಜೆ ಹೊತ್ತು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂಡತೊಡಗಿದಳು. ಪರದೆಯ ಮೇಲೆ ಏನಾಗುತ್ತಿದೆ ಎಂದು ನಾನು ಹೇಳುತ್ತಿದ್ದೆ, ಆಕೆ ಹೂಂಗುಟ್ಟುತ್ತಿದ್ದಳು.

ಆ ಆಟದ ಮನುಷ್ಯರಿಗೆ ಮಾತು ಬರುತ್ತದೆ, ಆದರೆ ಆ ಮಾತು ಯಾವ ದೇಶದ್ದೂ ಅಲ್ಲ. ಮಾಡಿದವರು ಬಾಯಿಗೆ ಬಂದ ಶಬ್ದಗಳನ್ನು ಸೇರಿಸಿ ಒಂದು ಭಾಷೆ ಮಾಡಿಟ್ಟಿದ್ದಾರೆ. ಮೊದಲನೆಯ ದಿನ ಆಟದಲ್ಲಿ ನಾನು ಮಾಡಿದ್ದ ಹೆಣ್ಣು ಗೊಂಬೆ ಬಾಗಿಲಲ್ಲಿ ನಿಂತು ಯಾರನ್ನೋ ಮಾತಾಡಿಸುತ್ತಿದ್ದಾಗ ಅವ್ವ ಕತ್ತು ಮುಂದೆ ಚಾಚಿ ಬಹಳ ಹೊತ್ತು ಕೇಳಿದಳು. ಆಮೇಲೆ, ಈಕೆ ತೆಲುಗು ಮಾತಾಡುತ್ತಿದ್ದಾಳೆ ಎಂದಳು. ಅಲ್ಲವ್ವಾ, ಅದು ಯಾವ ಭಾಷೆಯೂ ಅಲ್ಲ ಎಂದು ನಾನು ಬಿಡಿಸಿ ಹೇಳಿದೆ. ಆಕೆ ಕೇಳಿಸಿಕೊಳ್ಳಲಿಲ್ಲ.

“ನಾಗವ್ವ ಇದ್ದಂಗ ಇದ್ದಾಳ,” ಎಂದಳು. “ಅಕಿನೂ ಹಿಂಗ, ಒಂದು ಕಾಲ ಮ್ಯಾಲ ಭಾರ ಹಾಕಿ ನಿಂದರತಿದ್ಲು. ಹೊಳಿ ಆಚಿಗೆ ಕೊಟ್ರು. ಒಂದು ವರ್ಸದಾಗ ಹಿಂಗ ತೆಲುಗು ಮಾತಾಡಾಕ ಹತ್ತಿದ್ಲು.”

ಅವ್ವನ ತವರು ಚೀಕಲಪರ್ವಿ. ತುಂಗಭದ್ರೆಯ ದಂಡೆಯ ಊರು. ನಾಗವ್ವ ಅಲ್ಲಿ ಪಕ್ಕದ ಮನೆಯವಳು, ಅವ್ವನ ಓರಗೆಯವಳು. ಇಬ್ಬರೂ ಕೂಡಿ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗುತ್ತಿದ್ದರಂತೆ. ಮದುವೆಯಾಗಿ ಆಚೆ ದಂಡೆಗೆ ಹೋದವಳು ಮೊದಲ ಪಂಚಮಿಗೆ ಬಂದಿದ್ದಳು. ಮುಂದೆ ಅವಳ ತವರಿನವರು ಊರು ಬಿಟ್ಟರು, ಅವಳು ಬರುವುದೂ ನಿಂತಿತು. ಇಷ್ಟನ್ನು ಅವ್ವ ನಾಲ್ಕೈದು ಸಂಜೆಗಳಲ್ಲಿ ತುಣುಕು ತುಣುಕಾಗಿ ಹೇಳಿದಳು. ನನ್ನ ಗೊಂಬೆಗೆ ನಾನು ಇಟ್ಟಿದ್ದ ಚಂದದ ಹೆಸರು ಅಂದಿಗೇ ಅಳಿದುಹೋಯಿತು. ಆಕೆ ನಾಗವ್ವನಾದಳು. ಅವ್ವ ಮುಂಜಾನೆ ಎದ್ದರೆ ನಾಗವ್ವ ಎದ್ದಳೇ ಎಂದು ಕೇಳುವಳು. ನಾನು ಕಚೇರಿಯಿಂದ ಬರುವುದು ತಡವಾದರೆ, ಪಾಪ ನಾಗವ್ವ ಹಸಿದಿರುತ್ತಾಳೆ ಎಂದು ಚಡಪಡಿಸುವಳು.

ಒಂದು ಸಂಜೆ ಅವ್ವ ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು, ನಾಗವ್ವನ ಮೈಮೇಲೆ ಏನಿದೆ ಎಂದು ಕೇಳಿದಳು. ಮೊಣಕಾಲ ಮೇಲಿನ ಒಂದು ಫ್ರಾಕು ಇತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಬರೇ ಲಂಗದ ಮ್ಯಾಲ ಅಡ್ಡಾಡಸಾಕತ್ತೀಯಾ ಅಕೀನ್ನ?” ಎಂದಳು ಅವ್ವ, ಬಹಳ ನೋವಿನಿಂದ. “ಒಂದು ಇಳಕಲ್ ಸೀರಿ ಉಡಸು.”

ಆಟ ಮಾಡಿದವರು ಕೊಟ್ಟ ಕಪಾಟಿನಲ್ಲಿ ಇಳಕಲ್ ಸೀರೆ ಇರಲಿಲ್ಲ. ಆದರೆ ಹೊರಗಿನವರು ತಮ್ಮದೇ ಬಟ್ಟೆ ಮಾಡಿ ಅದರೊಳಗೆ ಸೇರಿಸಬಹುದು ಎಂದು ಅಕ್ಕನ ಮಗಳು ಫೋನಿನಲ್ಲಿ ಹೇಳಿದಳು. ಅದಕ್ಕೆ ಮೆಶ್ ಮಾಡಬೇಕಂತೆ. ಮೆಶ್ ಎಂದರೆ ಬಲೆ. ಆಟದಲ್ಲಿ ಬಟ್ಟೆಯಂತೆ ಕಾಣುವುದು ಬಟ್ಟೆಯಲ್ಲ. ಸಾವಿರಾರು ಚುಕ್ಕಿಗಳನ್ನು ಗಾಳಿಯಲ್ಲಿ ಇಟ್ಟು, ಗೆರೆಗಳಿಂದ ಕೂಡಿಸಿ, ಆ ಬಲೆಯ ಮೇಲೆ ಬಣ್ಣದ ಚಿತ್ರ ಅಂಟಿಸಿದ ಒಂದು ಚಿಪ್ಪು. ಬಾಗಿಲ ಮುಂದಿನ ಚುಕ್ಕಿ ರಂಗೋಲಿ ಎದ್ದು ನಿಂತು ನಡೆಯತೊಡಗಿದರೆ ಹೇಗೋ ಹಾಗೆ. ಗೊಂಬೆಯೊಳಗೆ ಎಲುಬುಗಳಿರುತ್ತವೆ. ಪ್ರತಿ ಚುಕ್ಕಿಗೂ, ನೀನು ಮೊಣಕಾಲಿನ ಬೆನ್ನು ಹತ್ತು, ನೀನು ಸೊಂಟದ ಮಾತು ಕೇಳು, ನೀನು ಅರ್ಧ ಸೊಂಟಕ್ಕೆ ಅರ್ಧ ತೊಡೆಗೆ ಎಂದು ಹೇಳಿಕೊಡಬೇಕು. ಯಾವ ಕಾಗದ ಯಾವ ಟೇಬಲಿಗೆ ಎಂದು ವಿಂಗಡಿಸುತ್ತಲೇ ಕೂದಲು ನರೆಸಿಕೊಂಡವಳು ನಾನು, ಇದೇನು ಮಹಾ ಎಂದುಕೊಂಡೆ. ಆದರೆ ಕಚೇರಿಯಲ್ಲಿ ತಪ್ಪು ಟೇಬಲಿಗೆ ಹೋದ ಕಾಗದ ಯಾರಿಗೂ ಕಾಣದಂತೆ ತಣ್ಣಗೆ ಮಲಗಿರುತ್ತದೆ. ತಪ್ಪು ಎಲುಬಿಗೆ ಹೋದ ಚುಕ್ಕಿ ಎಲ್ಲರೆದುರು ಮಾನ ಕಳೆಯುತ್ತದೆ.

ನನ್ನ ಮೊದಲ ಸೀರೆ ಉಟ್ಟು ನಾಗವ್ವ ಎದುರಿಗೆ ಬಂದು ನಿಂತಾಗ ಆಕೆಯ ಎದೆಯೇ ಕಾಣಲಿಲ್ಲ, ಬೆನ್ನಿನ ಒಳಮೈ ಕಂಡಿತು. ಬಲೆಯ ಪ್ರತಿ ತುಣುಕಿಗೂ ಒಳಗು ಹೊರಗು ಇರುತ್ತದಂತೆ, ನಾನು ಅಷ್ಟನ್ನೂ ತಿರುವುಮುರುವಾಗಿ ಇಟ್ಟಿದ್ದೆ. ಅದನ್ನು ಸರಿಮಾಡಿದೆ. ಆಗ ಸೀರೆ ಹೊಸ ಸ್ಟೀಲ್ ಕೊಡದ ಹಾಗೆ ಫಳಫಳ ಹೊಳೆಯಿತು. ಹೊಳಪು ಇಳಿಸಿದೆ. ನಿಂತರೆ ಚಂದ ಕಂಡಳು, ಕೂತರೆ ಎರಡು ಮೊಣಕಾಲುಗಳೂ ನಿರಿಗೆ ಸೀಳಿಕೊಂಡು, ಕೊಟ್ಟಿಗೆಯ ಕಿಂಡಿಯಿಂದ ಇಣುಕುವ ಕರುಗಳಂತೆ ಹೊರಗೆ ಬಂದವು. ಅದಕ್ಕೂ ಮದ್ದು ಹುಡುಕಿದೆ. ಎಲ್ಲಕ್ಕಿಂತ ಕೆಟ್ಟದ್ದು ಆಮೇಲೆ ಕಾದಿತ್ತು. ಆ ಆಟದಲ್ಲಿ ದೂರದಿಂದ ನೋಡುವಾಗಿನ ಬಟ್ಟೆ ಬೇರೆ, ಹತ್ತಿರದಿಂದ ನೋಡುವಾಗಿನದು ಬೇರೆ. ದೂರದ್ದನ್ನು ಮಾಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಹೀಗಾಗಿ ನಾಗವ್ವ ಹತ್ತಿರವಿದ್ದಾಗ ಮೈತುಂಬ ಸೀರೆ, ದೂರ ಹೋದಳೋ ಮೈಮೇಲೆ ನೂಲೆಳೆಯೂ ಇಲ್ಲ. ಅವ್ವನಿಗೆ ಮನೆಯ ಅಂಗಳ ತೋರಿಸೋಣವೆಂದು ನಾನು ನೋಟವನ್ನು ಹಿಂದೆ ಹಿಂದೆ ಸರಿಸಿದ ಹೊತ್ತಿಗೇ ಯಜಮಾನರು ಮಾನ್ವಿಯಿಂದ ಬಂದು ಬಾಗಿಲಲ್ಲಿ ನಿಂತರು. ಪರದೆ ನೋಡಿದರು, ಅದನ್ನೇ ಭಕ್ತಿಯಿಂದ ನೋಡುತ್ತ ಕೂತ ಅತ್ತೆಯನ್ನು ನೋಡಿದರು. ಮೆಲ್ಲಗೆ ಚಪ್ಪಲಿ ಬಿಟ್ಟು ಅಡಿಗೆಮನೆಗೆ ಹೋಗಿ ನೀರು ಕುಡಿದರು. ಅವ್ವನಿಗೆ ಕಂಡದ್ದು ಮಂಜಿನೊಳಗಿನ ಒಂದು ಮಸುಕು ಗೆರೆ ಮಾತ್ರ ಎಂಬುದೊಂದೇ ಆ ಹೊತ್ತಿನ ಸಮಾಧಾನ.

ಇವೆಲ್ಲ ದಾಟಿ ನಾನು ಸೆರಗಿಗೆ ಬಂದೆ. ಇಳಕಲ್ ಸೀರೆಯ ಜೀವ ಅದರ ಸೆರಗು. ಕೆಂಪು ನೆಲದ ಮೇಲೆ ಬಿಳಿ ತೆನೆಗಳ ಸಾಲು. ಚಿತ್ರವನ್ನು ಬಹಳ ಆಸ್ಥೆಯಿಂದ ಬಿಡಿಸಿ, ಬಲೆಗೆ ಅಂಟಿಸಿ, ನಾಗವ್ವನಿಗೆ ಉಡಿಸಿ, ಅಂಗಳದಲ್ಲಿ ನಡೆಸಿದೆ. ಅವಳು ಒಂದು ಹೆಜ್ಜೆ ಇಟ್ಟಳು. ಸೆರಗಿನ ತುದಿ ಇದ್ದಲ್ಲೇ ನಿಂತಿತು. ಇನ್ನೊಂದು ಹೆಜ್ಜೆ, ತುದಿ ಅಲ್ಲೇ. ಅವಳು ಮುಂದೆ ಮುಂದೆ ನಡೆದಂತೆ ಹೆಗಲಿನಿಂದ ಹಿಂದಕ್ಕೆ ಸೆರಗು ಹಲಗೆಯಂತೆ ನೆಟ್ಟಗೆ ಚಾಚಿಕೊಳ್ಳುತ್ತ ಹೋಯಿತು. ಅಂಗಳ ದಾಟಿತು, ಬೇಲಿ ದಾಟಿತು, ಜೇನಿನ ಬೆಳಕಿನಲ್ಲಿ ಕೆಂಪಗೆ ಅಲುಗುತ್ತ ಆ ಊರಿನ ಅರ್ಧಕ್ಕೆ ಹರಡಿ ನಿಂತಿತು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಪಕ್ಕದಲ್ಲಿ ಅವ್ವ ಉಸಿರು ಹಿಡಿದು ಕೂತಿದ್ದಳು. “ಗಾಳಿ ಜೋರದ ಇವತ್ತ,” ಎಂದಳು. ಫ್ಯಾನು ಕಡಿಮೆ ಮಾಡಲೇ ಎಂದು ನಾನು ಕೇಳಿದೆ. ಬೇಡ, ಇರಲಿ ಎಂದಳು. ಅಂದು ಆಕೆ ಉಣ್ಣಲು ಕೂಡ ಎದ್ದು ಬರಲಿಲ್ಲ.

ಈ ನಡುವೆ ಸಕ್ಕರೆ ಇಳಿಯಿತು. ಡಾಕ್ಟರು ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ಆಗ ಅವ್ವ ಹೆದರಿದಳು. ಕಣ್ಣಿನೊಳಗೆ ಕತ್ತರಿ ಹಾಕುತ್ತಾರೆ ಎಂಬ ಮಾತನ್ನು ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. ಇದ್ದಷ್ಟು ಕಾಣುತ್ತದೆ, ಸಾಕು, ನನ್ನನ್ನು ಊರಿಗೆ ಕಳಿಸು ಎಂದು ಚೀಲ ಕಟ್ಟಿಕೊಂಡು ಕೂತಳು. ನಾನು ಬೇಡಿಕೊಂಡೆ, ಅಕ್ಕ ಫೋನಿನಲ್ಲಿ ಅತ್ತಳು, ಯಜಮಾನರು ತಮ್ಮ ಗಿರಣಿಯ ಮಾಲೀಕರ ತಾಯಿಯ ಕಣ್ಣಿನ ಕತೆಯನ್ನು ಪೂರ್ತಿ ಹೇಳಿದರು. ಅವ್ವ ಬಗ್ಗಲಿಲ್ಲ. ಕೊನೆಗೆ, ಬೇರೇನೂ ತೋಚದೆ, ಕಣ್ಣು ಬಂದರೆ ನಾಗವ್ವನನ್ನು ಬರೋಬ್ಬರಿ ನೋಡಬಹುದು, ಸೀರೆಯ ದಡಿ, ಸೆರಗಿನ ತೆನೆ ಎಲ್ಲ ಒಂದೊಂದಾಗಿ ಕಾಣುತ್ತದೆ ಎಂದೆ. ಅವ್ವ ಕಟ್ಟಿದ ಚೀಲವನ್ನು ಮೂಲೆಗೆ ಸರಿಸಿದಳು. ಮರುದಿನ ಮುಂಜಾನೆ, ಯಾವ ವಾರ ಹೋಗಬೇಕು ಎಂದು ತಾನೇ ಕೇಳಿದಳು.

ಹಾಗಾಗಿ ಆ ಸೀರೆ ಈಗ ಆಟದ ಮಾತಾಗಿ ಉಳಿಯಲಿಲ್ಲ. ಒಬ್ಬ ಹೆಣ್ಣುಮಗಳು ಅದನ್ನು ನೋಡಲಿಕ್ಕೆಂದು ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳಲು ಒಪ್ಪಿದ್ದಳು. ನಾನು ಇಂಟರ್ನೆಟ್ಟಿನಲ್ಲಿ ಇಂಥ ಬಟ್ಟೆ ಮಾಡುವವರು ಕೂಡುವ ಒಂದು ಕಟ್ಟೆ ಹುಡುಕಿ, ನನ್ನ ಹರಕು ಇಂಗ್ಲಿಷಿನಲ್ಲಿ ಗೋಳು ತೋಡಿಕೊಂಡೆ. ಯಾವ ದೇಶದವರೋ, ಗಂಡೋ ಹೆಣ್ಣೋ, ಒಬ್ಬರು ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟರು. ನಿಮ್ಮ ಸೆರಗಿನ ತುದಿಯ ಚುಕ್ಕಿಗಳಿಗೆ ಯಾವ ಎಲುಬೂ ಸಿಕ್ಕಿಲ್ಲ, ಅವು ಯಾರ ಹಿಂದೆ ಹೋಗಬೇಕೆಂದು ತಿಳಿಯದೆ ಹುಟ್ಟಿದಲ್ಲೇ ನಿಂತಿವೆ ಎಂದರು. ಇದನ್ನು ಓದಿ ನನಗೆ ಆ ಚುಕ್ಕಿಗಳ ಮೇಲೆ ಒಂದು ಬಗೆಯ ಮಮತೆ ಹುಟ್ಟಿತು. ಆದರೂ ಅವರು ಹೇಳಿದಂತೆ ಮಾಡಿದೆ. ಅವನ್ನೆಲ್ಲ ಹಿಡಿದು ಬೆನ್ನಿನ ಎಲುಬಿಗೆ ಕಟ್ಟಿದೆ. ಹಳೆಯ ಫೈಲಿನ ಮೇಲೆಯೇ ಹೊಸದನ್ನು ಸೇವ್ ಮಾಡಿದೆ, ಹಳೆಯದು ಅಳಿಯಿತು. ಸೆರಗು ನಾಗವ್ವನ ಬೆನ್ನಿಗೆ ಅಂಟಿಕೊಂಡು, ಒಳ್ಳೆಯ ಮನೆತನದ ಸೊಸೆಯಂತೆ ತಗ್ಗಿ ಬಗ್ಗಿ ನಡೆಯಿತು. ಬದುಕಿನಲ್ಲಿ ಮೊದಲ ಸಲ ನಾನು ಒಂದು ಬಟ್ಟೆಯನ್ನು ಸರಿಯಾಗಿ ಮಾಡಿದ್ದೆ.

ಒಂದರ ಹಿಂದೊಂದು ಎರಡೂ ಕಣ್ಣಿನ ಆಪರೇಷನ್ ಹೂವು ಎತ್ತಿದಷ್ಟು ಹಗುರವಾಗಿ ಮುಗಿಯಿತು. ಪಟ್ಟಿ ಬಿಚ್ಚಿದ ಮೇಲೆ ಅವ್ವ ಎರಡು ದಿನ ಮನೆಯೆಲ್ಲ ಅಡ್ಡಾಡಿ ನೋಡಿದಳು. ಮೂಲೆಯ ಜೇಡರ ಬಲೆ ಕಂಡಿತು, ಒಲೆಯ ಹಿಂದಿನ ಜಿಡ್ಡು ಕಂಡಿತು, ನಾನು ಇಷ್ಟು ದಿನ ತೊಳೆದೆನೆಂದು ಹೇಳಿದ ತಟ್ಟೆಗಳ ಬೆನ್ನು ಕಂಡಿತು. ಒಂದನ್ನೂ ಬಿಡದೆ ಹೇಳಿದಳು. ಡಾಕ್ಟರು ಪರದೆ ನೋಡಬಹುದು ಎಂದ ದಿನ ಸಂಜೆ ಕುರ್ಚಿ ಎಳೆದುಕೊಂಡು ಬಂದು ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬಹಳ ವರ್ಷಗಳ ಮೇಲೆ ಯಾರನ್ನೋ ಕಾಣಲು ಹೊರಟವರು ಒರೆಸಿಕೊಳ್ಳುವ ಹಾಗೆ. ನಾನು ಆಟ ತೆರೆದೆ. ನಾಗವ್ವ ಬಾಗಿಲಿನಿಂದ ಹೊರಬಂದು, ಅಂಗಳ ದಾಟಿ, ನಮ್ಮ ಕಡೆ ತಿರುಗಿ ನಿಂತಳು. ನಿರಿಗೆ ಅಲುಗಿತು, ದಡಿ ಹೊಳೆಯಿತು, ಸೆರಗಿನ ತೆನೆ ಒಂದೊಂದೂ ಎಣಿಸುವ ಹಾಗಿತ್ತು. ನಾನು ಅವ್ವನ ಮುಖ ನೋಡುತ್ತ ಕೂತೆ.

“ಯಾರಕಿ?” ಎಂದಳು ಅವ್ವ.

ನಾಗವ್ವ ಎಂದೆ. ಅವ್ವ ಇನ್ನಷ್ಟು ಬಾಗಿ ನೋಡಿದಳು. ಇವಳು ಯಾರೋ ಪೇಟೆಯ ಹುಡುಗಿ, ಫೋಟೋ ತೆಗೆಸಿಕೊಳ್ಳಲು ಸೀರೆ ಉಟ್ಟಿದ್ದಾಳೆ ಎಂದಳು. ಅದೇ ಗೊಂಬೆ, ಅದೇ ಮುಖ, ಅದೇ ನಡಿಗೆ ಎಂದು ನಾನು ಆಣೆ ಮಾಡಿದೆ. ಅವ್ವ ಅಲ್ಲವೆಂದು ತಲೆಯಾಡಿಸಿದಳು. ಹೊಳೆಯ ಮೇಲೆ ಮಧ್ಯಾಹ್ನ ಗಾಳಿ ಏಳುತ್ತಿತ್ತಂತೆ. ಆಗ ನಾಗವ್ವ ಬಂಡೆಯ ಮೇಲೆ ಹತ್ತಿ, ಸಿಕ್ಕಿಸಿದ ಸೆರಗು ಕಿತ್ತು ಗಾಳಿಗೆ ಬಿಡುತ್ತಿದ್ದಳಂತೆ. ಅದು ಹಿಂದಕ್ಕೆ ನೆಟ್ಟಗೆ ನಿಂತು ಪಟಪಟ ಅನ್ನುತ್ತಿದ್ದರೆ ಕುರಿಗಳು ಬೆದರಿ ಒಂದು ಕಡೆಗೆ ಸೇರುತ್ತಿದ್ದವಂತೆ. ಇದನ್ನು ಹೇಳಿ ಅವ್ವ ನನ್ನ ಕಡೆ ತಿರುಗಿದಳು.

“ಆವತ್ತ ಗಾಳಿ ಇತ್ತಲ್ಲ, ಅದನ್ನ ಯಾಕ ತಗದಿ?”

ಹಳೆಯ ಸೆರಗಿನ ಪ್ರತಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಹಾಗಾದರೆ ಮತ್ತೆ ತಪ್ಪು ಮಾಡಿದರಾಯಿತು, ಅದರಲ್ಲಿ ನನಗೆ ಕಷ್ಟವೇನು ಎಂದುಕೊಂಡು ಕೂತೆ. ಆಗ ತಿಳಿಯಿತು, ಬೇಕೆಂದು ಮಾಡಿದ ತಪ್ಪು ಬೇರೆಯೇ ಆಗುತ್ತದೆ. ಚುಕ್ಕಿಗಳನ್ನು ಎಲುಬಿನಿಂದ ಬಿಚ್ಚಿದರೆ ಸೆರಗು ಚಾಚಲಿಲ್ಲ, ನಾಗವ್ವನ ಕಾಲಡಿಗೆ ಉಂಡೆಯಾಗಿ ಬಿತ್ತು. ಅರ್ಧ ಬಿಚ್ಚಿದರೆ ಬಾಲದಂತೆ ಜೋತುಬಿತ್ತು. ಇನ್ನೊಮ್ಮೆ ತಲೆಯ ಎಲುಬಿಗೆ ಹೋಗಿ, ಆಕೆ ಹೌದು ಎಂದಾಗಲೆಲ್ಲ ಸೆರಗೂ ಹೌದು ಎಂದಿತು. ಕಟ್ಟೆಯವರಿಗೆ ಬರೆದು, ಸೆರಗು ಚಾಚಿಕೊಳ್ಳುವ ಆ ದೋಷ ನನಗೆ ಬೇಕಾಗಿದೆ, ಹೇಗೆ ಬರಿಸುವುದು ಎಂದು ಕೇಳಿದೆ. ನನ್ನ ಇಂಗ್ಲಿಷಿನ ತಪ್ಪೆಂದು ತಿಳಿದು, ಆ ದೋಷ ಬಾರದಂತೆ ತಡೆಯುವುದು ಹೇಗೆಂದು ಎಲ್ಲರೂ ಸಾಲಾಗಿ ತಿಳಿಸಿಕೊಟ್ಟರು. ಅವರು ಹೇಳಿದ್ದರ ತದ್ವಿರುದ್ಧ ಮಾಡಿ ನೋಡಿದೆ. ಸೆರಗು ಮೊದಲಿಗಿಂತ ಅಚ್ಚುಕಟ್ಟಾಗಿ ಕೂತಿತು. ನಾನು ಪಡುವ ಪಾಡನ್ನು ಬಹಳ ಹೊತ್ತು ನೋಡಿದ ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟು, “ನೀ ಅಡಿಗಿ ಮಾಡಿದಂಗ ಮಾಡು, ತಾನಾ ಕೆಡತದ,” ಎಂದರು. ಅವರ ಕಾಳಜಿ ನಿಜವಾಗಿದ್ದರಿಂದ ಸಿಟ್ಟು ಮಾಡಲೂ ಆಗಲಿಲ್ಲ.

ಹೋಗಲಿ ಬಿಡು ಎಂದು ಅವ್ವ ನನ್ನನ್ನು ಸಮಾಧಾನ ಮಾಡಿದಳು. ಈ ಹುಡುಗಿಯೂ ಯಾರ ಮನೆಯ ಮಗಳೋ, ಹೊತ್ತಿಗೆ ಸರಿಯಾಗಿ ಉಣ್ಣಲು ಕೊಡು ಎಂದಳು. ಆದರೆ ಕುರ್ಚಿ ಎಳೆದುಕೊಂಡು ಬರುವುದು ಕಡಿಮೆಯಾಯಿತು. ಸಂಜೆ ಹೊತ್ತು ಗ್ಯಾಲರಿಯಲ್ಲಿ ನಿಂತು ಬೀದಿಯಲ್ಲಿ ಹೋಗುವ ನಿಜವಾದ ಮನುಷ್ಯರನ್ನು ನೋಡತೊಡಗಿದಳು. ಜೇನಿನ ಬೆಳಕಿನಲ್ಲಿ ನಾನೊಬ್ಬಳೇ ಕೂತೆ, ಸೆರಗಿನೊಡನೆ ಹೆಣಗುತ್ತ. ಗಾಳಿ ಬೇಕಾದರೆ ಹೊಳೆಗೇ ಹೋಗಬೇಕು, ಭಾನುವಾರ ಗಿರಣಿ ಅರ್ಧ ದಿನ, ಇಬ್ಬರೂ ಮಾನ್ವಿಗೆ ಬನ್ನಿ, ನಾನು ಚೀಕಲಪರ್ವಿಗೆ ಕರೆದುಕೊಂಡು ಹೋಗುತ್ತೇನೆ ಎಂದವರು ಯಜಮಾನರೇ.

ಹೋದೆವು. ಅವ್ವ ತನ್ನ ಅಣ್ಣತಮ್ಮಂದಿರು ತೀರಿದ ಮೇಲೆ ಆ ಕಡೆ ಕಾಲಿಟ್ಟಿರಲಿಲ್ಲ. ಗದ್ದೆಗಳ ನಡುವೆ ಆಟೋ ಇಳಿದು ದಂಡೆಗೆ ನಡೆದಾಗ ಮಧ್ಯಾಹ್ನ ವಾಲುತ್ತಿತ್ತು. ಗಾಳಿಯೇ ಇರಲಿಲ್ಲ. ನೀರು ನಿದ್ದೆ ಹೋದಂತೆ ಬಿದ್ದುಕೊಂಡಿತ್ತು, ಅದರೊಳಗೆ ಆಕಾಶ, ಎರಡರ ನಡುವೆ ಒಂದು ಬಿಳಿಯ ಮಿನುಗು. ಅವ್ವನ ಸೆರಗೂ ಅಲುಗಲಿಲ್ಲ, ನನ್ನದೂ ಅಲುಗಲಿಲ್ಲ. ಇಷ್ಟು ದೂರ ಬಂದು ಇದೂ ಇಲ್ಲವಾಯಿತಲ್ಲ ಎಂದು ನನಗೆ ಅಳು ಬರುವಂತಾಯಿತು. ಅವ್ವ ಮಾತ್ರ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಆಚೆ ದಂಡೆಯನ್ನೇ ನೋಡುತ್ತಿದ್ದಳು.

“ಅಲ್ಲಿ ಯಾರೋ ಹೊಂಟಾಳ ನೋಡು. ಕೆಂಪು ಸೆರಗು,” ಎಂದಳು ಮೆಲ್ಲಗೆ. “ಆ ಕಡಿ ಗಾಳಿ ಅದ.”

ನಾನು ನೋಡಿದೆ. ನೀರು ಎಲ್ಲಿ ಮುಗಿದು ಮರಳು ಎಲ್ಲಿ ಶುರುವಾಗುತ್ತದೆ, ಮರಳು ಮುಗಿದು ಆಂಧ್ರ ಎಲ್ಲಿ ಶುರುವಾಗುತ್ತದೆ ಎಂದೇ ನನಗೆ ತಿಳಿಯಲಿಲ್ಲ. ಎಲ್ಲ ಒಂದೇ ಹಾಲಿನಂಥ ಮಂಜು. ಯಜಮಾನರನ್ನು ಕೇಳಿದೆ. ಹೌದು, ಹೊರಟಿದ್ದಾಳೆ ಎಂದರು. ಆದರೆ ಅವರು ಮದುವೆಯಾದ ದಿನದಿಂದ ಅತ್ತೆ ಹೇಳಿದ್ದಕ್ಕೆಲ್ಲ ಹೌದು ಎಂದವರು, ಅವರ ಸಾಕ್ಷಿ ನಡೆಯುವುದಿಲ್ಲ. ನನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದೆ. ಅವ್ವ ನನ್ನ ಗದ್ದ ಹಿಡಿದು ಮುಖ ತಿರುಗಿಸಿ, ತನ್ನ ಬೊಟ್ಟಿನ ನೇರಕ್ಕೆ ನೋಡು ಎಂದಳು. ನನಗೆ ಬೊಟ್ಟು ಕಂಡಿತು. ಅವ್ವ ಹೊಳೆ ಬಿಟ್ಟು ನನ್ನ ಕಣ್ಣನ್ನೇ ಬಹಳ ಹೊತ್ತು ನೋಡಿದಳು.

“ತಿಂಗಳಗಟ್ಟಲೆ ಆ ಡಬ್ಬಿ ನೋಡಿ ಕಣ್ಣು ಕಳಕೊಂಡೀಯವ್ವಾ,” ಎಂದಳು. “ನಾಳಿಗೆ ನಿನ್ನ ದವಾಖಾನಿಗೆ ಹೋಗೂಣು. ನಾ ಜೋಡಿ ಬರ್ತೀನಿ, ಹೆದರಬ್ಯಾಡ.”

ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವ್ವ ಕೂತಳು. ಹೊರಗೆ ಏನೇನು ಕಾಣುತ್ತಿದೆ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದಳು, ನಾನು ಹೂಂಗುಟ್ಟುತ್ತ ಬಂದೆ. ನನಗೂ ಏನೋ ಕಾಣುತ್ತದೆ ಎಂದು ತೋರಿಸಿಕೊಳ್ಳಬೇಕೆನಿಸಿ, ಎದುರಿಗೆ ಬಂದ ದೊಡ್ಡ ನೀಲಿ ಬೋರ್ಡು ನೋಡಿ, ಅಗೋ ರಾಯಚೂರು ಬಂತು ಎಂದೆ. ಅದು ನೆಲ್ಲಿನ ಲಾರಿಯ ಮೇಲೆ ಹೊದಿಸಿದ ತಾಡಪತ್ರಿ ಎಂದು ಅವ್ವ ಹೇಳಿದಳು.